ಖಾಲಿ ತಟ್ಟೆಯ ಚಿತ್ರ

ಹೊಲಿದ ಬಟ್ಟೆಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡು ದರ್ಜಿಯಮ್ಮ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಮಾತು ಬಾರದ ಪುಟ್ಟ ಹುಡುಗಿಯೊಬ್ಬಳು ತೊಡೆಯ ಮೇಲಿನ ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಒತ್ತುತ್ತಿದ್ದಳು; ಅವಳು ಒತ್ತಿದ್ದನ್ನು ಯಂತ್ರ ಹೇಳುತ್ತಿತ್ತು. ಅವಳ ಆಚೀಚೆ ತಾಯಿ ಮತ್ತು ಟೀಚರ್. ಕದ್ದು ಕೇಳುವ ಚಾಳಿ ದರ್ಜಿಯಮ್ಮನಿಗಿರಲಿಲ್ಲ. ಆದರೆ ಕಿವಿಗೆ ಮುಚ್ಚಳವಿಲ್ಲವಲ್ಲ.

"ಅಪ್ಪನ ಚಿತ್ರ ತೆಗೆದುಬಿಡಿ ಮೇಡಂ. ಇಡೀ ದಿನ ಅದನ್ನೇ ಒತ್ತುತ್ತಾಳೆ. ಅದನ್ನ ಕೇಳಿ ಕೇಳಿ ನಮ್ಮತ್ತೆ ಊಟಾನೇ ಬಿಟ್ಟಿದ್ದಾರೆ."

"ತೆಗೆದ್ರೆ ಕೇಳೋದು ನಿಲ್ಲುತ್ತೇನಮ್ಮ? ಅವಳ ಬಾಯಿಗೆ ಬೀಗ ಹಾಕಿದ ಹಾಗಾಗುತ್ತೆ, ಅಷ್ಟೆ."

"ನಾನೇನು ಕಲ್ಲಾ? ಇದರಲ್ಲಿ ಅವಳು ಮೊದಲು ಹೇಳಿದ್ದೇ ಆ ಮಾತು. ಅವತ್ತು ನಮ್ಮ ಯಜಮಾನ್ರು ಕುಣಿದಾಡಿಬಿಟ್ಟಿದ್ರು."

"ಅಪ್ಪ ಇನ್ನು ಬರಲ್ಲ ಅಂತ ಹೇಳಿದ್ರಾ?"

"ಯಾವ ಚಿತ್ರ ಒತ್ತಿ ಹೇಳ್ಲಿ? ಸತ್ತುಹೋದ್ರು ಅನ್ನೋಕೆ ಇದರಲ್ಲಿ ಚಿತ್ರ ಇದೆಯಾ?"

ಟೀಚರ್ ಟ್ಯಾಬ್ಲೆಟ್ಟಿನತ್ತ ಬೆರಳು ತೋರಿದರು.

"'ಮುಗೀತು' ಅಂತ ಇದೆಯಲ್ಲ, ಖಾಲಿ ತಟ್ಟೆ. ಅದು ಅವಳಿಗೆ ಚೆನ್ನಾಗಿ ಗೊತ್ತು."

"ಅದನ್ನೂ ಮಾಡಿದ್ದಾಯ್ತು ಮೇಡಂ. 'ಅಪ್ಪ, ಮುಗೀತು' ಅಂತ ಒತ್ತಿದೆ. ನಕ್ಕುಬಿಟ್ಲು."

"ನಕ್ಕಳಾ?"

"ಮುಗಿದ ತಟ್ಟೆಗೆ ನಾನು ದಿನಾ ಮತ್ತೆ ಬಡಿಸ್ತೀನಲ್ಲ. ಅಪ್ಪನೂ ಹಾಗೇ ಅಂದ್ಕೊಂಡ್ಲು."

ಅಷ್ಟರಲ್ಲಿ ಅವರ ಬಸ್ಸು ಬಂತು. ತಾಯಿ ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವಾಗ, ಅವಳ ಹೆಗಲ ಮೇಲಿನಿಂದ ಯಂತ್ರ, ನೀರು ಕೇಳುವಷ್ಟೇ ಸಲೀಸಾಗಿ ಹೇಳಿತು:

"ಅಪ್ಪ. ಬೇಕು."