ಅರ ಜಾರಿದ ಚಾಕು

ನಗಬೇಡ ಕಣೋ! ಚಾಕು ಅಂದ್ರೆ ಚಾಕು, ಅದರಲ್ಲಿ ಆರಿಸೋಕೇನಿದೆ ಅಂತ ತಾನೆ ನಿನ್ನ ನಗು? ಬಾ, ಈ ಸ್ಟೂಲ್ ಮೇಲೆ ಕೂತ್ಕೋ. ಅಂಗಡಿಯವನು ಇನ್ನೊಂದು ಪೆಟ್ಟಿಗೆ ತರೋಕೆ ಒಳಗೆ ಹೋದ. ‘ನಿಧಾನಕ್ಕೆ ನೋಡ್ತಿರಿ ಸಾರ್’ ಅಂದ. ನಿಧಾನಕ್ಕೆ ನೋಡೋದು ಬಿಟ್ರೆ ಪೆನ್ಷನ್ನಿನವರಿಗೆ ಇನ್ನೇನು ಕೆಲಸ?

ಅಲ್ಲಯ್ಯಾ, ಮೂವತ್ತೆಂಟು ವರ್ಷ ಕಾರ್ಖಾನೆಯ ಕುಲುಮೆ ಮುಂದೆ ನಿಂತು ಉಕ್ಕು ಕಾಯಿಸಿದ ಅಣ್ಣನನ್ನ ಪಕ್ಕದಲ್ಲಿ ಇಟ್ಕೊಂಡು, ನೀನು ಹಿಡಿಯ ಬಣ್ಣ ನೋಡಿ ಚಾಕು ಆರಿಸ್ತೀಯಾ? ಇಡು ಆ ಕೆಂಪು ಹಿಡಿಯದ್ದನ್ನ. ಅದು ಮೇಜಿನ ಮೇಲೆ ಇಟ್ಟು ಚೆಂದ ನೋಡೋಕೆ ಸರಿ.

ಕೇಳು. ಇಲ್ಲಿ ಎರಡು ಜಾತಿ. ಒಂದು, ತುಕ್ಕು ಹಿಡಿಯದ ಸ್ಟೀಲು. ಹೊಳೀತದೆ, ಹೇಳಿದ ಮಾತು ಕೇಳ್ತದೆ, ಮೂರು ದಿನಕ್ಕೆ ಮೊಂಡಾಗ್ತದೆ. ನನ್ನ ಥರ. ಇನ್ನೊಂದು ಹಳೇ ಕಾಲದ ಕರೀ ಉಕ್ಕು. ಹಣ್ಣು ಕುಯ್ದು ಒರೆಸದೆ ಇಟ್ರೆ ಸಂಜೆಗೇ ಮುಖ ಕಪ್ಪು ಮಾಡ್ಕೊಳ್ತದೆ, ಆದ್ರೆ ಹರಿತ ಅಂದ್ರೆ ಹರಿತ! ನಿನ್ನ ಅತ್ತಿಗೆ ಥರ. ಹ್ಞಾಂ, ನಗು ನಗು. ಮನೇಲಿ ಮಾತ್ರ ಹೇಳ್ಬೇಡ.

ನಿನಗೆ ಕರೀದೇ ಸರಿ. ಕಸಿ ಕಟ್ಟೋನಿಗೆ ಒಂದೇ ಎಳೆತಕ್ಕೆ ಕೊಂಬೆ ಸೀಳಬೇಕು. ಮೂವತ್ತನಾಲ್ಕು ವರ್ಷ ಆಯ್ತಲ್ಲೋ ನೀನು ಚಾಕು ಮುಟ್ಟಿ! ಕಿತ್ತಳೆ ಸುಲಿಯೋಕೂ ಉಗುರೇ. ನರ್ಸರಿಯಲ್ಲಿ ನಿನ್ನ ಕೈಯಲ್ಲಿ ಹತ್ತಿದ ಕಸಿ ಇನ್ಯಾರ ಕೈಯಲ್ಲೂ ಹತ್ತುತ್ತಿರಲಿಲ್ಲ. ಅಂಥವನನ್ನ ಒಂದು ಕಣ್ಣು ಹೋದ ಮೇಲೆ ಕುಂಡಗಳಿಗೆ ನೀರು ಹಾಕೋಕೆ ನಿಲ್ಲಿಸಿದ್ರು. ‘ತಾತ, ನನ್ನ ಗಿಡಕ್ಕೆ ಕಸಿ ಕಟ್ಟು’ ಅಂತ ಮೊಮ್ಮಗಳು ಕೇಳಿದ್ಲು, ನೀನು ಹ್ಞೂಂ ಅಂದೆ ಅಂತ ಗೊತ್ತಾದಾಗ... ಏನು ಹೇಳ್ಲಿ. ಎದ್ದು ಚಪ್ಪಲಿ ಮೆಟ್ಕೊಂಡು ನಿಮ್ಮನೆಗೇ ಬಂದುಬಿಟ್ಟೆ. ಈ ಚಾಕು ನಾನೇ ಕೊಡಿಸ್ಬೇಕು. ಬೇಡ ಅನ್ಬೇಡ.

ಏನು? ಮುರಿಯೋದಿಲ್ಲ ಅಂತ ಹೇಗೆ ಗೊತ್ತಾಗ್ತದೆ ಅಂತಲಾ? ಒಳ್ಳೇ ಪ್ರಶ್ನೆ! ಬರೀ ಉಕ್ಕು ಒಳ್ಳೇದಿದ್ರೆ ಸಾಲದಪ್ಪ. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದ್ರೆ ಗಡಸು ಬರ್ತದೆ. ಆದ್ರೆ ಅದು ಗಾಜಿನ ಗಡಸು. ಒಂದು ಏಟಿಗೆ ಚೂರು. ಅದನ್ನ ಮತ್ತೆ ಸಣ್ಣ ಶಾಖದಲ್ಲಿ ಎರಡು ಗಂಟೆ ಇಡಬೇಕು, ಒಣಹುಲ್ಲಿನ ಬಣ್ಣ ಬರೋವರೆಗೆ. ಆಗ ಹದ. ಹದ ಬಂತೋ ಇಲ್ವೋ ನೋಡೋದಕ್ಕೆ ನಮ್ಮಲ್ಲಿ ಸುಲಭದ ದಾರಿ ಇತ್ತು. ಅರ, ಅದೇ ಕಬ್ಬಿಣ ಉಜ್ಜೋ ಫೈಲು, ತಗೊಂಡು ಅಲಗಿನ ಮೇಲೆ ಒಮ್ಮೆ ಉಜ್ಜು. ಸ್ವಲ್ಪ, ತೀರಾ ಸ್ವಲ್ಪ, ಕಚ್ಚಬೇಕು. ಅರ ಕಚ್ಚದೆ ಗಾಜಿನ ಮೇಲೆ ಜಾರಿದ ಹಾಗೆ ಸರ್ರಂತ ಜಾರಿಬಿಟ್ರೆ, ಆ ಚಾಕು ಇನ್ನೂ ಮುಗಿದಿಲ್ಲ, ಯಾರ ಕೈಗೂ ಕೊಡ...

...

ಯಾಕೋ?

ಯಾಕೆ ಹಾಗೆ ನೋಡ್ತೀಯ? ಇದು ಇಲ್ಲಿನ ಚಾಕುಗಳ ಮಾತು ಕಣೋ. ಆಗ ನಾನು ನಿನಗೆ ಮಾಡಿಕೊಟ್ಟ ಚಾಕುವಿನದ್ದಲ್ಲ. ಅದರ ಕಥೆಯೇ ಬೇರೆ, ಅದು ಉಕ್ಕಿನ ದೋಷ, ನಿನಗೇ ಗೊತ್ತಲ್ಲ. ಗುಜರಿ ಅಂಗಡಿ ತಾತ ಲಾರಿ ಸ್ಪ್ರಿಂಗಿನ ಪಟ್ಟಾ ಅಂತ ಹೇಳಿ ಯಾವುದೋ ಕೊಳೆತ ಕಬ್ಬಿಣ ಕೊಟ್ಟ. ಆಸ್ಪತ್ರೆ ಬಾಗಿಲಲ್ಲೇ ನಾನು ಕೇಳಿದ್ನಲ್ಲ ಅವನನ್ನ, ಎಲ್ಲರೆದುರಿಗೆ...

ಕೈ ಯಾಕೆ ಹಾಗೆ ಅರ ಉಜ್ಜಿದ ಹಾಗೆ ಆಡಿಸ್ತೀಯ? ಹ್ಞೂಂ. ಉಜ್ಜಿ ತೋರಿಸಿದ್ದೆ. ಕಾರ್ಖಾನೆ ಗೇಟಿನ ಹತ್ರ. ‘ನೋಡೋ ತಮ್ಮಾ, ಅರವೇ ಜಾರ್ತದೆ, ಎಂಥಾ ಗಡಸು’ ಅಂದಿದ್ದೆ. ನೀನು ಕುಣಿದಾಡಿದ್ದೆ. ನೆನಪಿದೆ. ನಿನಗೂ ನೆನಪಿರ್ತದೆ ಅಂತ ನಾನು... 

ಹೇಳಿಬಿಡ್ತೀನಿ, ಕೇಳು.

ಆ ದಿನ ಸಣ್ಣ ಶಾಖದ ಒಲೆ ಖಾಲಿ ಇರಲಿಲ್ಲ. ಕಂಪನಿ ಮಾಲು ತುಂಬಿತ್ತು. ಸುಮ್ನೆ ತೋರಿಸಿ ವಾಪಸ್ ಇಸ್ಕೊಂಡು, ಮಾರನೇ ದಿನ ಹದ ಮಾಡೋಣ ಅಂದ್ಕೊಂಡೇ ಗೇಟಿಗೆ ತಂದೆ. ಆಣೆಗೂ. ನೀನು ಅದನ್ನ ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೊತ್ತಿಕೊಂಡುಬಿಟ್ಟೆ. ‘ಕೊಡು, ಇನ್ನೂ ಕೆಲಸ ಬಾಕಿ ಇದೆ’ ಅನ್ನೋಕೆ ಬಾಯಿ ಬರಲಿಲ್ಲ ಕಣೋ. ನಾಳೆ ಕೇಳೋಣ ಅಂದೆ. ನಾಳೆ, ನಾಳಿದ್ದು... ಹದಿನೇಳನೇ ದಿನ ನೀನು ಕೊಂಬೆ ಸೀಳೋಕೆ ಅಲಗಿನ ಬೆನ್ನಿಗೆ ಮರದ ಕೊಡತಿಯಲ್ಲಿ ತಟ್ಟಿದೆ. ಒಂದೇ ಏಟು, ಅಲಗಿನ ಚೂರು ಸಿಡಿದು ನಿನ್ನ ಕಣ್ಣಿಗೆ ಬಂತು.

ಅಮ್ಮ ಹೇಗಾಯ್ತೋ ಅಂತ ನನ್ನ ಮುಖ ನೋಡಿದಾಗ ‘ಉಕ್ಕು ಕೆಟ್ಟದ್ದು’ ಅಂದೆ. ಆ ಒಂದು ಮಾತು ಬಂದುಬಿಟ್ಟಿತು ನೋಡು, ಆಮೇಲೆ ವಾಪಸ್ ತಗೊಳ್ಳೋಕೆ ಆಗಲೇ ಇಲ್ಲ.

ಗೊತ್ತು. ಕಣ್ಣಿನ ಮಾತಲ್ಲ ಅಂತ ಗೊತ್ತು. ನೀನು ಗುಜರಿ ತಾತನ ಬಗ್ಗೆ ಯೋಚಿಸ್ತಿದ್ದೀಯ. ಆ ಮುದುಕ ಹಣ್ಣು ಹಿಡ್ಕೊಂಡು ನಿನ್ನ ನೋಡೋಕೆ ಬಂದಾಗ ನೀನು ಗೋಡೆ ಕಡೆ ತಿರುಗಿ ಮಲಗಿದೆ. ಸಾಯೋವರೆಗೂ ನಿನ್ನ ಕಂಡ್ರೆ ತಲೆ ತಗ್ಗಿಸ್ಕೊಂಡೇ ಹೋಗ್ತಿದ್ದ. ಅವನೂ ನಂಬಿಬಿಟ್ಟಿದ್ದನಲ್ಲೋ, ತಾನೇ ಕೆಟ್ಟ ಉಕ್ಕು ಕೊಟ್ಟೆ ಅಂತ... ನನ್ನ ಮಾತು ಅವನೂ ನಂಬಿದ! ಅವನ ಹೆಣ ಹೊರಟಾಗ ನೀನು ಬಾಗಿಲು ಹಾಕ್ಕೊಂಡೆ. ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ.

ಬೈಯಿ. ಒಂದು ಏಟು ಹಾಕು, ದೊಡ್ಡವನು ಅಂತ ನೋಡ್ಬೇಡ. ಈ ಒಂದು ಕಣ್ಣಲ್ಲಿ ಹೀಗೆ ನೋಡ್ಬೇಡ ಕಣೋ...

ಎಲ್ಲಿಗೆ ಎದ್ದೆ? ಚಾಕು? ಬೇಡವಾ... ಸರಿ, ಬೇಡ ಬಿಡು. ಆದ್ರೆ ಎಲ್ಲಿಗೆ? ಮನೆ ಈ ಕಡೆ.

ಓ. ಗುಜರಿ ಅಂಗಡಿಗಾ? ಈಗ ಅವನ ಮಗಳು ಕೂರ್ತಾಳೆ ಅಲ್ಲಿ.

ತಡಿ, ಅಷ್ಟು ಜೋರಾಗಿ ನಡೀಬೇಡ. ನೀನೇನೂ ಹೇಳ್ಬೇಡ ಅವಳಿಗೆ, ನಾನೇ ಹೇಳ್ತೀನಿ. ನಿಂತ್ಕೊಂಡು, ಬೀದಿಗೆ ಕೇಳೋ ಹಾಗೆ ಹೇಳ್ತೀನಿ. ನಿಮ್ಮಪ್ಪ ಕೊಟ್ಟ ಉಕ್ಕು ಒಳ್ಳೇದೇ ಇತ್ತು ತಾಯಿ, ತುಂಬಾ ಒಳ್ಳೇದಿತ್ತು ಅಂತ.