ಮೇಜಿನ ಮೇಲಿನ ಪುಷ್ಪಪಾತ್ರೆ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ಸಾಹೇಬ್ರೇ, ಸಂಘದ ಕಾರ್ಯದರ್ಶಿಗಳೇ, ಒಂದು ಗಂಟೆಯಿಂದ ಬಾಗಿಲ ಕಡೇನೇ ನೋಡ್ತಿರೋ ಸಭಿಕರೇ. ನಾನೂ ಅದೇ ಕಡೆ ನೋಡ್ತಿದೀನಿ. ನಾಲ್ಕಕ್ಕೆ ಮನೇಲಿರಬೇಕು.

ರದ್ದಿಯಿಂದ ಕಲಾಕೃತಿ ಮಾಡಿದ ಯುವಕ ಅಂತ ಶಾಲು ಹೊದಿಸಿದ್ರಿ. ಸಂತೋಷ. ಆದ್ರೆ ಆ ಮೇಜಿನ ಮೇಲೆ ಗುಲಾಬಿ ತುಂಬಿಟ್ಟು, 'ಪುಷ್ಪಪಾತ್ರೆ' ಅಂತ ಚೀಟಿ ಬೇರೆ ಅಂಟಿಸಿದೀರಲ್ಲ, ಅದು ಬೆಡ್‌ಪ್ಯಾನ್. ಏಳೋಕಾಗದೋರು ಮಲಗಿದ್ದಲ್ಲೇ ಉಚ್ಚೆ ಮಾಡೋಕೆ. ನಗಬೇಡಿ. ಅಥವಾ ನಗಿ, ಡಾಕ್ಟ್ರು ಬಗ್ಗಿ ಮೂಸಿದಾಗ ನಾನೂ ನಕ್ಕೆ. ಹೊಸದು ಸಾರ್, ಹೆದರಬೇಡಿ.

ಕಾರ್ಯದರ್ಶಿಗಳಿಗೆ ಗೊತ್ತಿತ್ತು. ಮೆಟ್ಟಿಲ ಹತ್ರ ನಿಲ್ಲಿಸಿ, "ನೋಡಪ್ಪಾ, ಹೂವಿಗೆ ಅಂದ್ರೆ ಹೋಟೆಲ್‌ನೋರೆಲ್ಲ ತಗೋತಾರೆ. ಆ ವಿಷಯ ಮಾತ್ರ ಎತ್ತಬೇಡ, ಮರ್ಯಾದೆ ಇರಲ್ಲ" ಅಂದ್ರು. ಯಾರ ಮರ್ಯಾದೆ ಸಾರ್?

ನಮ್ಮಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡ್ತಿದ್ಲು. ಒದ್ದೆ ನೆಲದಲ್ಲಿ ಜಾರಿ ಬಿದ್ದು ಬೆನ್ನು ಮುರೀತು. ನಾನು ಒಂಬತ್ತನೇ ಕ್ಲಾಸು ಬಿಟ್ಟೆ. ಒಂದೇ ರೂಮು, ನಾವಿಬ್ರೇ. ಸ್ಟೀಲ್ ಪ್ಯಾನ್ ತೊಳೆಯೋಕೆ ಮೂರು ಮಹಡಿ ಇಳೀಬೇಕು, ಎಲ್ಲರ ಬಾಗಿಲ ಮುಂದೆ. "ಬಂದ ನೋಡ್ರೋ ಪನ್ನೀರಿನವನು!" ಅಂತಿದ್ರು ಹುಡುಗ್ರು.

ಒಂದಿನ... ಇದನ್ನ ಹೇಳಬೇಕು ಅಂತ ಬಂದಿರಲಿಲ್ಲ. ಒಂದಿನ ಪ್ಯಾನ್ ಎತ್ತುವಾಗ ಮುಖ ಸಿಂಡರಿಸಿದೆ. ಅಷ್ಟೇ. ಅಮ್ಮ ನೋಡಿಬಿಟ್ಲು. ಮಾರನೇ ದಿನದಿಂದ ನೀರು ಕುಡಿಯೋದೇ ಬಿಟ್ಲು. "ಬಾಯಾರಿಕೆ ಇಲ್ಲ ಕಣೋ." ತುಟಿ ಒಡೆದು ರಕ್ತ ಬರ್ತಿದೆ, ಬಾಯಾರಿಕೆ ಇಲ್ವಂತೆ! ಕೂಗಾಡಿದೆ. ಲೋಟ ಗೋಡೆಗೆ ಎಸೆದೆ. ಕುಡಿಯಲಿಲ್ಲ.

ತೊಳೆಯೋ ಕೆಲಸಾನೇ ಇಲ್ಲದ ಪ್ಯಾನ್ ಬೇಕಿತ್ತು. ಮೊದಲನೇದು ನನ್ನ ಪಠ್ಯಪುಸ್ತಕ ನೆನೆಸಿ, ರುಬ್ಬಿ ಮಾಡಿದೆ. ಸಮಾಜ ಬೇಗ ನೆನೀತು, ಗಣಿತ ಯಾವತ್ತಿನ ಹಾಗೆ ತಲೆ ತಿಂತು. ಅದು ಅಮ್ಮನ ಕೆಳಗೇ ಕುಸೀತು. ಹಾಸಿಗೆಯೆಲ್ಲ ಒದ್ದೆ. ಅಳ್ತಾಳೆ ಅಂದ್ಕೊಂಡೆ. "ಓದಿದ್ದೆಲ್ಲ ನೀರಲ್ಲಿ ಹೋಯ್ತಲ್ಲೋ!" ಅಂತ ನಕ್ಲು.

ಆಮೇಲೆ ಮೊಟ್ಟೆ ಟ್ರೇ, ಕಡಲೆಕಾಯಿ ಸಿಪ್ಪೆ ಪುಡಿ, ಮೈದಾ ಅಂಟು. ಒಳಗೆ ತೆಳ್ಳಗೆ ಮೇಣ, ಉರಿದುಳಿದ ಕ್ಯಾಂಡಲ್‌ದು. ಹತ್ತೊಂಬತ್ತನೇದು ಗಟ್ಟಿಯಾಗಿ ನಿಂತ್ಕೊಳ್ತು. ಬಡಗಿ ಅಂಗಡಿಯ ಮರದ ಪುಡಿ ತುಂಬಿದ್ರೆ ಚೆಲ್ಲಲ್ಲ. ಮುಚ್ಚಳ ಹಾಕಿ ಪೇಪರ್ ಸುತ್ತಿದ್ರೆ ಪಾರ್ಸಲ್. ಗುಂಡೀಲಿ ಹೂತ್ರೆ ಎರಡು ತಿಂಗಳಲ್ಲಿ ಮಣ್ಣು. ಈಗ ಯಾವ ಹುಡುಗ ಏನಂತಾನೆ?

ಡಾಕ್ಟ್ರೇ, ನಿಮ್ಮ ವಾರ್ಡಲ್ಲೂ ಬಾಯಾರಿಕೆ ಇಲ್ಲ ಅನ್ನೋರು ಇರ್ತಾರೆ. ಯಾಕೆ ಅಂತ ಯಾವತ್ತಾದ್ರೂ ಕೇಳಿದೀರಾ? ಆ ಚೀಟಿ ಕಿತ್ತು, ಅದರ ನಿಜವಾದ ಹೆಸರು ಬರೆದು ತಗೊಂಡು ಹೋಗಿ. ಎಷ್ಟು ಬೇಕಾದ್ರೂ ಮಾಡಿಕೊಡ್ತೀನಿ. ಹೂವಿಗೆ ಅಂದ್ರೆ ಒಂದೂ ಇಲ್ಲ. ಬೇಕಾದ್ರೆ ಶಾಲು ವಾಪಸ್ ತಗೊಳ್ಳಿ.

ಹೊರಡ್ತೀನಿ. ಎದುರುಮನೆ ಅಕ್ಕ ನಾಲ್ಕರ ತನಕ ಮಾತ್ರ ಕೂತಿರ್ತಾಳೆ, ಅವಳ ಹತ್ರ ಪ್ಯಾನ್ ಕೇಳೋಕೆ ಅಮ್ಮಂಗೆ ನಾಚಿಕೆ. ಅದಕ್ಕೇ ಬೆಳಿಗ್ಗೆ ನಾನೇ ಹೇಳಿದೆ, "ಬರೋದು ತಡ ಆಗುತ್ತೆ, ಇವತ್ತೊಂದಿನ ನೀರು ಕಮ್ಮಿ ಕುಡಿಯಮ್ಮ." ನನ್ನ ಮುಖಾನೇ ನೋಡ್ತಾ ಎರಡು ಲೋಟ ಕುಡಿದ್ಲು.

ಮೂಗು ಮುಚ್ಚದೆ ಕೇಳಿದ ಎಲ್ಲರಿಗೂ ಥ್ಯಾಂಕ್ಸ್. ದಾರಿ ಬಿಡಿ. ನಮಸ್ಕಾರ.