ನೂರಕ್ಕೆ ಇಪ್ಪತ್ತು

"ಹಲೋ... ಹಲೋ, ಭಕ್ತೀ... ಹಾಂ? ಯಾರ್ರಿ ಮಾತಾಡೋದು? ಇದು ನಮ್ಮ ಭಕ್ತಿ ಫೋನ ಅಲ್ಲೇನ್ರಿ?..."

ಮಗಳ ಫೋನಿನಲ್ಲಿ ಯಾರೋ ಹೆಂಗಸು ಮರಾಠಿಯಲ್ಲಿ ಗದರಿದ್ದೇ ತಡ, ಇಚಲಕರಂಜಿಯ ತನ್ನ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತಿದ್ದ ಪಾರೀಸ ಎದ್ದು ನಿಂತ. ಅವನೂ ಮರಾಠಿಯಲ್ಲೇ ಒಂದೆರಡು ಮಾತು ತಡವರಿಸಿದ. ಅಷ್ಟರಲ್ಲಿ ಆ ಗದರಿಕೆಯ ರಾಗ ಕನ್ನಡದ್ದು ಅನ್ನಿಸಿತು.

"ಕನ್ನಡದವರೇನ್ರಿ ನೀವು?... ಗಡಹಿಂಗ್ಲಜ ಕಡೇಯವ್ರಾ? ಬದಕಿದ್ನಿ ನೋಡ್ರಿ! ನಾ ಆ ಹುಡುಗಿ ಅಪ್ಪ, ಪಾರೀಸ ಅಂತ... ಹಾಂ, ಗುರುಸಿದ್ದವ್ವ. ಗುರುಸಿದ್ದವ್ವಕ್ಕ, ಮಗಳ ಫೋನ ನಿಮ್ಮ ಕೈಯಾಗ ಹ್ಯಾಂಗ ಬಂತ್ರಿ?..."

"ಹಾಂ... ಹಾಂ... ಗೇಟಿನ ಮುಂದ ಚಾದ ಗಾಡಿ ನಿಮ್ಮದು. ಪರೀಕ್ಷಾಕ್ಕ ಬಂದವರ ಫೋನ, ಚೀಲ ನೀವ ಇಟ್ಗೊಂಡ ಕಾಯ್ತೀರಿ... ಪುಣ್ಯದ ಕೆಲಸ ಬಿಡ್ರಿ. ಅಕಿ ಒಳಗ ಹೋದಳೇನು?..."

"ಗೇಟ ದಾಟ್ಯಾಳ?... ಆದ್ರ ಅಂಗಳದಾಗ ಸಾಲಿನ್ಯಾಗ ನಿಂತಾಳ? ಕಾಣ್ತಾಳೇನ್ರಿ? ಹಸರ ಓಢಣಿ, ಕಣ್ಣಿಗೆ ಚಾಳೀಸ... ಹಾಂ, ಅಕೀನ! ಅಕೀನರಿ!..."

ಪಾರೀಸನಿಗೆ ಹೋದ ಜೀವ ಬಂದಂತಾಯಿತು. ಕೊಲ್ಲಾಪುರದಲ್ಲಿ ಭಕ್ತಿಗೆ ಇವತ್ತು ಎಂಬಿಎ ಪ್ರವೇಶ ಪರೀಕ್ಷೆ. ಹೋದ ವರ್ಷ ಕೂದಲೆಳೆಯಲ್ಲಿ ಸೀಟು ತಪ್ಪಿತ್ತು. ಇನ್ನೊಂದು ಸಲ ಬರೆಯಲಿ, ಆಗದಿದ್ದರೆ ದಾನೋಳಿಯ ಮನೆತನಕ್ಕೆ ಕೊಟ್ಟುಬಿಡೋಣ ಎಂದು ಮನೆಯ ಹಿರಿಯರು ಆಗಲೇ ಮಾತು ಮುಗಿಸಿದ್ದರು. ಭಕ್ತಿ ಅವತ್ತೇ ಹಳೆಯ ಪುಸ್ತಕಗಳನ್ನು ಕೆಳಗಿಳಿಸಿ ಮತ್ತೆ ಓದಲು ಕೂತಳು.

"ಅಕ್ಕಾ, ಅಕೀಗೊಂದ ಮಾತ ಮುಟ್ಟಿಸಬೇಕ್ರಿ. ಒಂದ ಮಾತು... ಇಲ್ರಿ, ಕಾಪಿ ಅಲ್ರಿ! ಪೇಪರ ಇನ್ನೂ ಸುರು ಆಗಿಲ್ಲಲ್ರಿ... ದೇವರಾಣಿ ಕಾಪಿ ಅಲ್ಲ. ನಾನ ಅಕೀಗೆ ತಪ್ಪ ಕಲಿಸೇನಿ. ಈಗ ತಿಳೀತು ನನಗ, ಈಗ!..."

ತಿಳಿಸಿದವರು ಟ್ಯೂಶನ್ನಿನ ಬಾಳಗೊಂಡ ಮಾಸ್ತರರು. ಈಗಷ್ಟೇ ಟವೆಲ್ ಕೊಳ್ಳಲು ಬಂದವರು ಹೊರಡುವಾಗ, ನಿಮ್ಮ ಹುಡುಗಿ ಎಲ್ಲದರಲ್ಲೂ ಹುಷಾರು, ಪರೀಕ್ಷೆಯಲ್ಲಿ ಲಾಭವನ್ನು ಖರೇದಿಯ, ಅಂದರೆ ಕೊಂಡ ಬೆಲೆಯ ಮೇಲೆ ಹಿಡಿಯಬೇಕು ಅಂದರೆ ಮಾತ್ರ ನನ್ನ ಮಾತು ಕೇಳುವುದಿಲ್ಲ, ನಮ್ಮಪ್ಪ ಹೀಗೇ ಮಾಡುತ್ತಾರೆ ಅನ್ನುತ್ತಾಳೆ ಎಂದು ನಕ್ಕು ಹೋದರು. ನಗುವ ಮಾತೇ ಅದು? ಪಾರೀಸನ ಅಂಗಡಿಯಲ್ಲಿ ಅಜ್ಜನ ಕಾಲದಿಂದ ಒಂದು ಪದ್ಧತಿ. ಸಂಜೆ ಗಲ್ಲಾ ಬಿಚ್ಚಿದಾಗ ನೂರು ರೂಪಾಯಿಗೆ ಇಪ್ಪತ್ತು ಬೇರೆ ತೆಗೆದಿಡುವುದು. ಅದು ಲಾಭ, ಉಳಿದದ್ದು ಮತ್ತೆ ಮಾಲಿಗೆ. ನೂರಕ್ಕೆ ಇಪ್ಪತ್ತು ಅಂದರೆ ಬಂದ ನೂರಕ್ಕೆ ಇಪ್ಪತ್ತು. ಓಣಿಯ ಬಟ್ಟೆ ವ್ಯಾಪಾರಿಗಳೆಲ್ಲ ಹಾಗೇ ಮಾತಾಡುವವರು. ಇದೇ ಗಾದಿಯ ಮೇಲೆ ಮಗಳನ್ನು ಕೂರಿಸಿಕೊಂಡು ಅವನು ಅದನ್ನೇ ಕಲಿಸಿದ್ದ. ಮಾಸ್ತರರು ಬೇರೆ ಹೇಳುತ್ತಾರೆ ಅಂದಾಗ, ಧಂದೆ ಮಾಡಿದವ ನಾನೋ ಅವರೋ ಎಂದು ಮೀಸೆ ತಿರುವಿದ್ದ.

"ಹ್ಯಾಂಗ ಹೇಳ್ಲಿ... ನಿಮ್ಮ ಚಾನ ತಗೊಳ್ರಿ. ಹಾಲು, ಸಕ್ಕರಿ, ಪುಡಿ ಕೂಡಿ ಎಂಟ ರೂಪಾಯಿ ಬಿತ್ತು, ಹತ್ತಕ್ಕ ಮಾರಿದ್ರಿ... ಅಷ್ಟ ಬೀಳೂದಿಲ್ಲಾ? ಆತ್ರಿ, ಸುಮ್ಮ ಹಿಡೀರಿ! ಲಾಭ ಎರಡು. ನೂರಕ್ಕ ಎಷ್ಟಾತು?... ಹಾಂ, ಇಪ್ಪತ್ತ! ನೀವೂ ಇಪ್ಪತ್ತ ಅಂದ್ರಿ, ನಾನೂ ಇಪ್ಪತ್ತ ಅಂತೇನಿ. ಪರೀಕ್ಷಾದವ್ರು ಇಪ್ಪತ್ತೈದ ಅಂತಾರ್ರಿ..."

"ಯಾಕಂದ್ರ ಅವ್ರು ಹಾಕಿದ ಎಂಟರ ಮ್ಯಾಲ ಹಿಡೀತಾರ, ಬಂದ ಹತ್ತರ ಮ್ಯಾಲ ಅಲ್ಲ... ಹೌದ್ರಿ, ಹಂಗ ಯಾರ ಹಿಡೀತಾರ, ನನಗೂ ಹಂಗ ಅನಿಸ್ತು... ಖರೇ ಅಕ್ಕಾ, ಖರೇ. ಈಗ ಜಗಳ ಬ್ಯಾಡ್ರಿ. ಸಾಲು ಎಲ್ಲೀತನ ಬಂತು?..."

"ನಾಕನೂರಕ್ಕ ತಂದ ಸೀರಿ ನೂರಕ್ಕ ಇಪ್ಪತ್ತ ಲಾಭಕ್ಕ ಮಾರಿದ್ರ ಎಷ್ಟ ಬಂತು ಅಂತ ಕೇಳ್ತಾರ. ಅಕಿ ಮಾರಿದ ರೇಟಿಗೆ ಎಕ್ಸ ಹಿಡೀತಾಳ, ಐನೂರ ತಗೀತಾಳ. ಅವರ ಉತ್ತರ ನಾಕನೂರಾ ಎಂಬತ್ತು. ಆರಿಸೋ ನಾಕ ಉತ್ತರದಾಗ ಆ ಐನೂರನ್ನೂ ಬಾಜೂಕ ಇಟ್ಟಿರ್ತಾರಂತ, ಮೀನಕ್ಕ ಬಲಿ ಒಡ್ಡಿದಂಗ... ಎಕ್ಸ ಅಂದ್ರ... ಎಕ್ಸ ಬಿಡ್ರಿ! ಎಕ್ಸ ಬ್ಯಾಡ!..."

ಒಳಮನೆಯಿಂದ ಹೆಂಡತಿ ಶಾಲನ ಹಿಟ್ಟಿನ ಕೈಯಲ್ಲೇ ಬಂದು ಏನಾಯಿತು ಎಂದು ಕಣ್ಣಲ್ಲೇ ಕೇಳಿದಳು. ಪಾರೀಸ ಸುಮ್ಮನಿರು ಎಂದು ಕೈ ಎತ್ತಿದ.

"ಇಷ್ಟ ಒದರ್ರಿ ಅಕ್ಕಾ: ಲಾಭ ಖರೇದಿ ಮ್ಯಾಲ ಹಿಡಿ. ಅಷ್ಟ... ಒಮ್ಮೆ ಅಂದ ತೋರಸ್ರಿ... ಅಲ್ರಿ, ಮಾರಿದ್ದರ ಮ್ಯಾಲ ಅಲ್ರಿ! ಅದನ್ನ ಮಾಡಾಕತ್ತಾಳಲ್ರಿ ಅಕಿ! ಖರೇದಿ ಮ್ಯಾಲ. ಕೊಂಡ ರೇಟಿನ ಮ್ಯಾಲ... ಹಾಂ, ಈಗ ಬರೋಬರಿ..."

"ಗಿರಾಕಿ ನಿಂತಾರಾ?... ಚಾ ಉಕ್ಕಾಕತ್ತೈತಾ? ಗ್ಯಾಸ ಆರಿಸ್ರಿ ಅಕ್ಕಾ, ನಿಮ್ಮ ಕಾಲ ಬೀಳ್ತೇನಿ. ಆ ಚಾದ್ದೆಲ್ಲಾ ನಾ ಕೊಡ್ತೇನಿ... ಹಾಂ? ಫೋನ ಕುಂಯ್ ಅಂತಾ? ಅದು ಚಾರ್ಜ ಮುಗೀಲಾಕತ್ತೈತ್ರಿ, ಕಟ್ ಮಾಡಬ್ಯಾಡ್ರಿ. ಹಂಗ ಹಿಡಕೊಂಡ ನಡೀರಿ..."

"ವಾಚಮನ್ ಬಿಡವಲ್ಲಾ?... ಹೊರಗಿಂದನ ಒದರ್ರಿ. ಭಕ್ತೀ, ನಿಮ್ಮ ಅಪ್ಪಂದು ಫೋನ ಅನ್ರಿ, ಹೊಳ್ಳಿ ನೋಡ್ತಾಳ..."

ಫೋನಿನಲ್ಲಿ ಕೊಲ್ಲಾಪುರದ ರಸ್ತೆಯೆಲ್ಲ ಒಮ್ಮೆಲೇ ಅರಚಿತು. ರಿಕ್ಷಾ, ಹಾರ್ನು, ಯಾರದೋ ಬೈಗುಳ. ಅದರ ನಡುವೆ ಗುರುಸಿದ್ದವ್ವ ಕೂಗಿದ್ದು ಅವನಿಗೇ ನೆಟ್ಟಗೆ ಕೇಳಿಸಲಿಲ್ಲ. ಕಣ್ಣು ಮುಚ್ಚಿ, ತಾನೇ ಆ ಗೇಟಿನ ಸರಳು ಹಿಡಿದವನಂತೆ ಗಲ್ಲಾಪೆಟ್ಟಿಗೆಯ ಅಂಚು ಹಿಡಿದುಕೊಂಡ.

"ನೋಡಿದಳಾ?... ನೋಡಿದಳು! ಶಾಲನ, ಹೊಳ್ಳಿ ನೋಡಿದಳಂತ!... ಹಾಂ ಅಕ್ಕಾ, ಏನಂದ್ರಿ ನೀವು?... 'ಅಪ್ಪಂದು ಫೋನ, ಲಾಭದ ಲೆಕ್ಕದ ಸಲುವಾಗಿ' ಅಂದ್ರಿ. ಚೊಲೋ ಆತು. ಆಮ್ಯಾಲ?... ಆಮ್ಯಾಲ ಖರೇದಿ ಅಂದ್ರಲ್ಲಾ?..."

"ಬಸ್ಸ ಬಂತಾ... ನಡಕ ಬಂತಾ... ಅಕೀಗೆ ಕೇಳಿತೋ ಇಲ್ಲೋ, ಅದನ್ನ ಹೇಳ್ರಿ... ಅಕಿ ಏನೋ ಅಂದಳಾ? ಏನಂದಳ್ರಿ?... ತಡದ ಹೇಳ್ರಿ, ಒಂದೊಂದ ಮಾತ ಹೇಳ್ರಿ..."

"ನಕ್ಕಳಾ... ಕೈ ಎತ್ತಿದಳಾ... ಹಾಂ... 'ಅಪ್ಪಗ ಚಿಂತಿ ಮಾಡಬ್ಯಾಡ ಅನ್ರಿ'... ಹಾಂ... 'ಅಪ್ಪ ಕಲಿಸಿದಂಗ ಮಾಡ್ತೇನಿ'... ಹಿಂಗಂದಳಾ? ಖರೇನ ಹಿಂಗಂದಳೇನ್ರಿ?..."

ಪಾರೀಸನ ಮುಖ ನೋಡಿಯೇ ಶಾಲನಳಿಗೆ ಎಲ್ಲ ಅರ್ಥವಾಯಿತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವುದನ್ನೂ ಮರೆತು ಅಲ್ಲೇ ಹೊಸ್ತಿಲ ಮೇಲೆ ಕೂತಳು.

"ಮತ್ತ ಒದರ್ರಿ ಅಕ್ಕಾ! ಅಪ್ಪ ಕಲಿಸಿದಂಗ ಮಾಡಬ್ಯಾಡ ಅನ್ರಿ! ನಿಮ್ಮ ಅಪ್ಪಗ ಏನೂ ತಿಳೀದಿಲ್ಲ ಅನ್ರಿ, ಮಾಸ್ತರ ಹೇಳಿದ್ದ ಖರೇ ಅನ್ರಿ! ಒದರ್ರಿ!... ಹೋದಳಾ?... ಬಾಗಲಾ ಹಾಕಿದ್ರಾ?..."

"...ಇಲ್ರಿ, ಇದ್ದೇನಿ... ನೀವ್ಯಾಕ ಅಳ್ತೀರಿ? ನಿಮ್ಮ ತಪ್ಪೇನೈತಿ ಇದರಾಗ. ಅಷ್ಟ ಮಂದ್ಯಾಗ ಗಂಟಲ ಹರಕೊಂಡ್ರಿ ನೀವು... ಹೌದ್ರಿ. ಭಾಳ ಶಾಣ್ಯಾ ಅದಾಳ. ಅಪ್ಪನ ಮಾತ ಮೀರಿದವಳಲ್ಲರಿ ಅಕಿ. ಒಮ್ಮೆನೂ ಮೀರಿದವಳಲ್ಲ..."

ಅಂಗಡಿಯ ಮುಂದೆ ಯಾರೋ ಬಂದು ಲುಂಗಿ ತೋರಿಸಿ ಎಂದರು. ಪಾರೀಸ ಫೋನನ್ನು ಕಿವಿಯಿಂದ ತೆಗೆಯದೆ ಒಂದು ಲುಂಗಿ ಎಳೆದು ಅವರ ಮುಂದೆ ಹಾಕಿದ.

"ಅಕ್ಕಾ, ಇನ್ನೊಂದ ಮಾತ ಕೇಳ್ರಿ. ಅಕಿ ಹೊರಗ ಬರ್ತಾಳಲ್ರಿ, ಬಂದ ಕೂಡ್ಲೆ ಒಂದ ಚಾ ಕೊಡ್ರಿ. ಸಕ್ಕರಿ ಜಾಸ್ತಿ ಹಾಕ್ರಿ... ನೀವಾಗಿ ಏನೂ ಕೇಳಬ್ಯಾಡ್ರಿ. ಲಾಭದ ಲೆಕ್ಕ ಎಲ್ಲಾ ಬಂದುವು, ಅಪ್ಪ ಹೇಳಿಕೊಟ್ಟಿದ್ದ ಬಂದುವು ಅಂತ ಅಕೀನ ಕುಣಕೋತ ಹೇಳ್ತಾಳ. ಆವಾಗ ನೀವು... ನೀವು ಹೌದವಾ ಅನ್ರಿ. ಅಷ್ಟ ಅನ್ರಿ. ಉಳಿದದ್ದ ಮನೀಗೆ ಬಂದ ಮ್ಯಾಲ ನಾನ... ಅಕ್ಕಾ?... ಗುರುಸಿದ್ದವ್ವಕ್ಕ?... ಹಲೋ?... ಹಲೋ..."